ದೇವರ ಕರುಣೆ, ಪ್ರಾರ್ಥನೆ ಮತ್ತು ತಾಳ್ಮೆಯ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಹುಕಾಲ ಪ್ರಾರ್ಥಿಸಿ ಇನ್ನೂ ಕಾಯುತ್ತಿರುವವರು, ಪ್ರಾರ್ಥನೆಯನ್ನು ಬಿಟ್ಟು ಮತ್ತೆ ಹಿಂದಿರುಗಲು ಹಿಂಜರಿಯುತ್ತಿರುವವರು, ಇತರರ ಸಂಕಟದ ಮುಂದೆ ಏನು ಹೇಳಬೇಕೆಂದು ತೋಚದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಎಲ್ಲ ಉತ್ತರಗಳಿಗೂ ಆಧಾರವಾಗಿರುವ ತಿಳಿವಳಿಕೆ ಒಂದೇ: ದೇವರ ಕರುಣೆ ನಮ್ಮ ಪ್ರಾರ್ಥನೆಗಿಂತ ಮೊದಲೇ ಇದೆ, ಆದ್ದರಿಂದ ಪ್ರಾರ್ಥನೆಯನ್ನಾಗಲಿ ತಾಳ್ಮೆಯನ್ನಾಗಲಿ ಆ ಕರುಣೆಯನ್ನು ಕೊಳ್ಳುವ ಬೆಲೆಯೆಂದು ಎಣಿಸಬಾರದು.

ದೇವರು ಕರುಣಾಮಯನೆಂದು ಬೈಬಲ್ ಹೇಳುವುದು ಯಾವ ಸಂದರ್ಭದಲ್ಲಿ?

ಈ ಮಾತು ಅತ್ಯಂತ ಸ್ಪಷ್ಟವಾಗಿ ಕೇಳಿಬರುವುದು ಇಸ್ರಾಯೇಲ್ಯರು ತಮ್ಮ ಅತಿ ದೊಡ್ಡ ತಪ್ಪನ್ನು ಮಾಡಿದ ಬೆನ್ನಿಗೇ. ಸೀನಾಯಿ ಬೆಟ್ಟದ ತಪ್ಪಲಿನಲ್ಲಿ ಅವರು ಚಿನ್ನದ ಬಸವನನ್ನು ಮಾಡಿಕೊಂಡು ಪೂಜಿಸಿದರು, ಮೋಶೆ ಆಜ್ಞೆಗಳ ಕಲ್ಲಿನ ಹಲಗೆಗಳನ್ನು ಒಡೆದುಹಾಕಿದನು. ಆಮೇಲೆ ಅವನು ಹೊಸ ಹಲಗೆಗಳನ್ನು ಹಿಡಿದು ಮತ್ತೆ ಬೆಟ್ಟ ಹತ್ತಿದಾಗ ದೇವರು ತನ್ನನ್ನು ಕನಿಕರವೂ ದಯೆಯೂ ದೀರ್ಘಶಾಂತಿಯೂ ಉಳ್ಳವನೆಂದು ಪರಿಚಯಿಸಿಕೊಂಡನೆಂದು ವಿಮೋಚನಕಾಂಡದ 34ನೇ ಅಧ್ಯಾಯ ತಿಳಿಸುತ್ತದೆ. ಅದೇ ಅಧ್ಯಾಯ ದೇವರು ಅಪರಾಧವನ್ನು ಲೆಕ್ಕಿಸದೆ ಬಿಡುವವನಲ್ಲ ಎಂದೂ ಹೇಳುತ್ತದೆ ಎಂಬುದನ್ನು ಮರೆಯಬಾರದು. ಕರುಣೆಯೆಂದರೆ ತಪ್ಪನ್ನು ಕಾಣದವನ ಉದಾಸೀನವಲ್ಲ, ಎಲ್ಲವನ್ನೂ ಕಂಡ ಮೇಲೂ ಕೈಬಿಡದವನ ನಿಷ್ಠೆ.

ಈ ವಾಕ್ಯ ಮುಂದೆ 103ನೇ ಕೀರ್ತನೆಯಲ್ಲಿ, ನೆಹೆಮೀಯನ ಗ್ರಂಥದಲ್ಲಿ, ಯೋವೇಲನ ಪ್ರವಾದನೆಯಲ್ಲಿ ಮತ್ತೆ ಮತ್ತೆ ಪ್ರತಿಧ್ವನಿಸುತ್ತದೆ. ಅದನ್ನು ದೂರಿನ ರೂಪದಲ್ಲಿ ಉಚ್ಚರಿಸಿದವನೂ ಒಬ್ಬನಿದ್ದಾನೆ: ಪ್ರವಾದಿ ಯೋನ. ಶತ್ರುಗಳ ಪಟ್ಟಣವಾದ ನಿನೆವೆ ನಾಶವಾಗದೆ ಉಳಿದಾಗ, ನೀನು ಹೀಗೆ ಕರುಣೆ ತೋರಿಸುವೆಯೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದದ್ದು ಎಂದು ಅವನು ದೇವರೊಡನೆ ಜಗಳವಾಡುತ್ತಾನೆ. ದೇವರ ಕರುಣೆ ನಮಗೆ ಬೇಕಾದಾಗ ಸಿಹಿಯಾಗಿಯೂ ನಮ್ಮ ವಿರೋಧಿಗೆ ದಕ್ಕಿದಾಗ ಕಹಿಯಾಗಿಯೂ ತೋರುವುದು ಯೋನನ ಕಾಲಕ್ಕೇ ಮುಗಿದ ಸಂಗತಿಯೇನಲ್ಲ.

ಕರುಣೆ ಪಡೆಯಲು ನಾವು ಮೊದಲು ಯೋಗ್ಯರಾಗಬೇಕೇ?

ಇಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡ ಮಗನು ತಂದೆಗೆ ಹೇಳಬೇಕಾದ ಮಾತುಗಳನ್ನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿರುತ್ತಾನೆ. ಆದರೆ ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ತನ್ನನ್ನು ಕೂಲಿಯವನನ್ನಾಗಿ ಇಟ್ಟುಕೊಳ್ಳಬೇಕೆಂಬ ಕೊನೆಯ ಕೋರಿಕೆಯನ್ನು ಹೇಳಲು ಮಗನಿಗೆ ಅವಕಾಶವೇ ಸಿಗುವುದಿಲ್ಲ. ಆ ಮಗನು ಹಿಂದಿರುಗಿದ್ದು ಶುದ್ಧವಾದ ಪಶ್ಚಾತ್ತಾಪದಿಂದಲೋ ಹಸಿವಿನಿಂದಲೋ ಎಂದು ಕಥೆ ಕೆದಕಿ ನೋಡುವುದಿಲ್ಲ, ತಂದೆಯಂತೂ ವಿಚಾರಿಸುವುದೇ ಇಲ್ಲ. ಮನಸ್ಸು ಪೂರ್ತಿ ಶುದ್ಧವಾದ ಮೇಲೆ ದೇವರ ಬಳಿಗೆ ಹೋಗೋಣವೆಂದು ಮುಂದೂಡುವವರು ಈ ಸಣ್ಣ ವಿವರವನ್ನು ಗಮನಿಸಬೇಕು.

ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಇಬ್ಬರ ಸಾಮ್ಯವಿದೆ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ತನ್ನ ಉಪವಾಸಗಳನ್ನೂ ದಶಮಾಂಶವನ್ನೂ ಎಣಿಸಿ ಹೇಳುತ್ತಾನೆ. ಜನರು ಪಾಪಿಯೆಂದು ತಿರಸ್ಕರಿಸುತ್ತಿದ್ದ ಸುಂಕದವನು ತಲೆಯೆತ್ತಲೂ ಧೈರ್ಯವಿಲ್ಲದೆ, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಬೇಡುತ್ತಾನೆ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಎರಡನೆಯವನು ಎಂದು ಯೇಸು ಹೇಳಿದರು.

ಕರುಣೆ ಇಷ್ಟು ಉಚಿತವಾದರೆ ಜನರು ಪಾಪಕ್ಕೆ ಹೆದರುವುದಿಲ್ಲವಲ್ಲ?

ಈ ಆಕ್ಷೇಪಣೆ ಅಪೊಸ್ತಲನಾದ ಪೌಲನ ಕಿವಿಗೂ ಬಿದ್ದಿತ್ತು. ಕೃಪೆ ಹೆಚ್ಚಲೆಂದು ಪಾಪದಲ್ಲೇ ಮುಂದುವರಿಯೋಣವೇ ಎಂಬ ಪ್ರಶ್ನೆಯನ್ನು ಅವನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಎತ್ತಿಕೊಂಡು ಖಂಡಿತವಾಗಿ ನಿರಾಕರಿಸುತ್ತಾನೆ. ಆದರೆ ಇದಕ್ಕೆ ಹೆಚ್ಚು ಮನಮುಟ್ಟುವ ಉತ್ತರ ಮತ್ತಾಯನ 18ನೇ ಅಧ್ಯಾಯದಲ್ಲಿದೆ. ಅರಸನೊಬ್ಬನು ತನ್ನ ಸೇವಕನ 10,000 ತಲಾಂತು ಸಾಲವನ್ನು ಮನ್ನಾ ಮಾಡುತ್ತಾನೆ. ಆ ಸೇವಕನು ಹೊರಗೆ ಬಂದವನೇ ತನಗೆ ಕೇವಲ 100 ದೀನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ದೀನಾರಿಯೆಂದರೆ ಅಂದಿನ ಒಂದು ದಿನದ ಕೂಲಿ, ತಲಾಂತೆಂದರೆ ಸುಮಾರು 6,000 ದೀನಾರಿ. ವರ್ಷಕ್ಕೆ 300 ದಿನ ದುಡಿದರೂ ಮೊದಲನೆಯ ಸಾಲ ತೀರಲು ಎರಡು ಲಕ್ಷ ವರ್ಷ ಬೇಕು. ಎರಡನೆಯದಕ್ಕೆ ನಾಲ್ಕು ತಿಂಗಳು ಸಾಕು. ತನಗೆ ಸಿಕ್ಕಿದ್ದು ಎಷ್ಟೆಂದು ಅರಿಯದವನು ಮಾತ್ರ ಇನ್ನೊಬ್ಬನನ್ನು ಹಾಗೆ ಹಿಡಿಯಬಲ್ಲನು. ಕರುಣೆಯನ್ನು ನಿಜವಾಗಿ ಸ್ವೀಕರಿಸಿದ್ದರ ಗುರುತು ನಾವು ಅದನ್ನು ದಾಟಿಸುವ ರೀತಿಯಲ್ಲಿ ಕಾಣುತ್ತದೆ. ಹಸಿದವರಿಗೆ ಊಟ, ಪರದೇಶಿಗೆ ಆಶ್ರಯ, ರೋಗಿಗೆ ಆರೈಕೆ, ಸೆರೆಯಲ್ಲಿರುವವರ ಭೇಟಿ ಇವುಗಳನ್ನು ಮತ್ತಾಯನ 25ನೇ ಅಧ್ಯಾಯ ಕ್ರಿಸ್ತನಿಗೇ ಮಾಡಿದ ಸೇವೆಯೆಂದು ಎಣಿಸುವುದು ಈ ಕಾರಣಕ್ಕೆ.

ದೇವರಿಗೆ ಎಲ್ಲವೂ ತಿಳಿದಿರುವಾಗ ಬೇಡಿಕೊಳ್ಳುವುದೇಕೆ?

ನೀವು ಕೇಳುವ ಮೊದಲೇ ನಿಮಗೇನು ಬೇಕೆಂದು ತಂದೆಗೆ ತಿಳಿದಿದೆ ಎಂದು ಹೇಳಿದ ಯೇಸುವೇ, ಮತ್ತಾಯನ 6ನೇ ಅಧ್ಯಾಯದಲ್ಲಿ ಆ ಮಾತಿನ ಮರುವಾಕ್ಯದಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಪ್ರಾರ್ಥಿಸಲು ಕಲಿಸಿದರು. ಅವರ ದೃಷ್ಟಿಯಲ್ಲಿ ದೇವರು ಬಲ್ಲವನೆಂಬುದೇ ಧೈರ್ಯವಾಗಿ ಕೇಳಲು ಕಾರಣವಾಗಿತ್ತು. ಯೆರಿಕೋವಿನ ದಾರಿಯಲ್ಲಿ ಕುರುಡನಾದ ಬಾರ್ತಿಮಾಯನು ನನ್ನನ್ನು ಕರುಣಿಸು ಎಂದು ಕೂಗಿ ಕರೆದಾಗ ಅವನಿಗೇನು ಬೇಕೆಂಬುದು ಸುತ್ತಲಿದ್ದ ಯಾರಿಗಾದರೂ ತಿಳಿಯುತ್ತಿತ್ತು. ಆದರೂ ಯೇಸು, ನಾನು ನಿನಗೆ ಏನು ಮಾಡಬೇಕೆಂದಿದ್ದೀ ಎಂದು ಕೇಳುತ್ತಾರೆ. ಪ್ರಾರ್ಥನೆಯನ್ನು ದೇವರಿಗೆ ಸುದ್ದಿ ಮುಟ್ಟಿಸುವ ಕೆಲಸವೆಂದು ಭಾವಿಸಿದರೆ ಈ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಅದು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯ ಮುಂದೆ ಬಾಯಿಬಿಟ್ಟು ನಿಲ್ಲುವ ಸಂಬಂಧವೆಂದು ತಿಳಿದಾಗ ಪ್ರಶ್ನೆ ಸಹಜವಾಗುತ್ತದೆ.

ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಮಾಡುವುದು ತಪ್ಪೇ?

ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂಬ ಭಾವನೆಯಿಂದ ಶಬ್ದಗಳನ್ನು ಪೇರಿಸಬೇಡಿರಿ ಎಂದು ಯೇಸು ಎಚ್ಚರಿಸಿದ್ದು ನಿಜ. ಆದರೆ ತಮ್ಮ ಬಂಧನಕ್ಕೆ ಮುನ್ನ ಗೆತ್ಸೇಮನೆಯ ತೋಟದಲ್ಲಿ ಅವರೇ ಮೂರು ಸಾರಿ ಅದೇ ಮಾತುಗಳಿಂದ ಪ್ರಾರ್ಥಿಸಿದರೆಂದು ಮತ್ತಾಯನು ಬರೆಯುತ್ತಾನೆ. ಆದ್ದರಿಂದ ಅವರು ಆಕ್ಷೇಪಿಸಿದ್ದು ಮಾತಿನ ರಾಶಿಯಿಂದ ದೇವರನ್ನು ಒಲಿಸಬಹುದೆಂಬ ಎಣಿಕೆಯನ್ನು, ಪುನರಾವರ್ತನೆಯನ್ನೇ ಅಲ್ಲ. ಆದಿ ಕ್ರೈಸ್ತರ ಕೈಪಿಡಿಯಾದ ಡಿಡಾಖೆ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಲು ವಿಧಿಸುತ್ತದೆ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ, ದೇವಕುಮಾರನಾದ ಕರ್ತ ಯೇಸು ಕ್ರಿಸ್ತನೇ, ಪಾಪಿಯಾದ ನನ್ನನ್ನು ಕರುಣಿಸು ಎಂಬ ಒಂದೇ ಸಾಲನ್ನು ಉಸಿರಿನ ಲಯಕ್ಕೆ ಹೊಂದಿಸಿ ಗಂಟೆಗಟ್ಟಲೆ ಜಪಿಸುವ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಬಾರ್ತಿಮಾಯನ ಕೂಗೂ ಸುಂಕದವನ ಬೇಡಿಕೆಯೂ ಆ ಸಾಲಿನಲ್ಲಿ ಒಂದಾಗಿವೆ.

ಎಡೆಬಿಡದೆ ನ್ಯಾಯಾಧಿಪತಿಯ ಬಾಗಿಲಿಗೆ ಬರುತ್ತಿದ್ದ ವಿಧವೆಯ ಸಾಮ್ಯವನ್ನೂ ಇಲ್ಲಿ ನೆನೆಯಬಹುದು. ಆದರೆ ಅದನ್ನು ತಲೆಕೆಳಗಾಗಿ ಓದುವವರು ಬಹಳ ಮಂದಿ. ದೇವರನ್ನು ಕಾಡಿಸಿದರೆ ಬಗ್ಗುತ್ತಾನೆಂದು ಆ ಸಾಮ್ಯ ಹೇಳುವುದಿಲ್ಲ; ಅನ್ಯಾಯಗಾರನಾದ ನ್ಯಾಯಾಧಿಪತಿಯೇ ಕೊನೆಗೆ ಕಿವಿಗೊಟ್ಟನಾದರೆ, ತನ್ನವರನ್ನು ಪ್ರೀತಿಸುವ ದೇವರು ಎಷ್ಟೋ ಹೆಚ್ಚಾಗಿ ಕೇಳುವನಲ್ಲವೇ ಎಂದು ಕೇಳುತ್ತದೆ.

ಇಷ್ಟು ಪ್ರಾರ್ಥಿಸಿದರೂ ದೇವರು ಏಕೆ ಉತ್ತರಿಸಲಿಲ್ಲ?

ಈ ಪುಟದ ಪ್ರಶ್ನೆಗಳಲ್ಲಿ ಇದೇ ಅತಿ ಕಠಿಣವಾದದ್ದು, ಮತ್ತು ಇದಕ್ಕೆ ಸಿದ್ಧ ಉತ್ತರ ಕೊಡುವವರ ಬಗ್ಗೆ ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು. ದೇವರು 'ಹೌದು', 'ಇಲ್ಲ', 'ಕಾದಿರು' ಎಂಬ ಮೂರರಲ್ಲಿ ಒಂದನ್ನು ಹೇಳುತ್ತಾನೆಂಬ ಸೂತ್ರ ಪ್ರಸಂಗಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಹೇಳಬಹುದಾದ ಮಾತೂ ಅಲ್ಲ.

ಬೈಬಲ್ ಮಾಡುವುದು ಬೇರೆಯದನ್ನು: ಉತ್ತರ ಸಿಗದವರ ಸಾಲಿನಲ್ಲಿ ಅದು ತನ್ನ ಶ್ರೇಷ್ಠರನ್ನೇ ನಿಲ್ಲಿಸುತ್ತದೆ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲೆಂದು ಮೂರು ಸಾರಿ ಬೇಡಿದನು. ಅದು ರೋಗವೋ ವಿರೋಧವೋ ಬೇರೆ ಸಂಕಟವೋ ಅವನು ಬಿಡಿಸಿ ಹೇಳಿಲ್ಲ. ಅದು ತೊಲಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಮಾತ್ರ ಅವನಿಗೆ ದೊರಕಿತು. ಎದುರಿದ್ದ ಸಂಕಟವನ್ನು ಕುರಿತು, ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಗೆತ್ಸೇಮನೆಯಲ್ಲಿ ಬೇಡಿದ ಯೇಸುವಿನಿಂದಲೂ ಅದು ದೂರವಾಗಲಿಲ್ಲ. ಕ್ರೈಸ್ತ ವಿಶ್ವಾಸದ ಕೇಂದ್ರದಲ್ಲೇ ಕೇಳಿದಂತೆ ನೆರವೇರದ ಒಂದು ಪ್ರಾರ್ಥನೆಯಿದೆ ಎಂಬುದನ್ನು ನೆನಪಿಟ್ಟುಕೊಂಡರೆ, ಉತ್ತರ ಸಿಗದವನು ದೇವರಿಂದ ತಿರಸ್ಕೃತನೆಂದು ಹೇಳಲು ಯಾರಿಗೂ ನಾಲಗೆ ಬರಲಾರದು.

ಕೆಲವೊಮ್ಮೆ ಬಹಳ ವರ್ಷಗಳ ನಂತರ ಒಂದು ನಿರಾಕರಣೆಯ ಅರ್ಥ ಗೋಚರಿಸುವುದುಂಟು. ಸಂತ ಅಗಸ್ಟೀನನ ತಾಯಿ ಮೋನಿಕಾ ಮಗನ ಪರಿವರ್ತನೆಗಾಗಿ ಕಣ್ಣೀರಿನಿಂದ ಪ್ರಾರ್ಥಿಸುತ್ತಿದ್ದಳು. ಅವನು ಕಾರ್ತೇಜಿನಿಂದ ರೋಮಿಗೆ ಹೊರಟಾಗ, ಅವನು ಹೋಗದಿರಲೆಂದು ಸಮುದ್ರತೀರದ ಬಳಿಯಿದ್ದ ಸಂತ ಸಿಪ್ರಿಯನನ ಸ್ಮಾರಕ ಗುಡಿಯಲ್ಲಿ ರಾತ್ರಿಯಿಡೀ ಬೇಡಿಕೊಂಡಳು. ಅದೇ ರಾತ್ರಿ ಮಗ ಅವಳಿಗೆ ತಿಳಿಸದೆ ಹಡಗು ಹತ್ತಿದನು. ಅವಳ ದೃಷ್ಟಿಯಲ್ಲಿ ಪ್ರಾರ್ಥನೆ ಸಂಪೂರ್ಣ ವಿಫಲವಾಗಿತ್ತು. ಆದರೆ ಇಟಲಿಗೆ ಹೋದದ್ದರಿಂದಲೇ ಅವನು ಮಿಲಾನಿನ ಬಿಷಪ್ ಅಂಬ್ರೋಸನ ಪ್ರಸಂಗಗಳನ್ನು ಕೇಳುವಂತಾಯಿತು, ಮತ್ತು 387ರ ಈಸ್ಟರಿನಂದು ಅವನಿಂದಲೇ ದೀಕ್ಷಾಸ್ನಾನ ಪಡೆದನು. ಆ ರಾತ್ರಿ ಅವಳು ಕೇಳಿದ್ದನ್ನು ದೇವರು ಕೊಡದೆ ಹೋದದ್ದು ಅವಳು ಸದಾ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಎಂದು ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಮೋನಿಕಾ ಅದನ್ನು ಕಣ್ಣಾರೆ ಕಂಡು ಅದೇ ವರ್ಷ ತೀರಿಕೊಂಡಳು.

ಎಲ್ಲರ ಕಥೆಯೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ವಿಶ್ವಾಸಿಗಳ ದೊಡ್ಡ ಪಟ್ಟಿಯನ್ನು ಕೊಡುವ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ, ಅವರೆಲ್ಲರೂ ವಾಗ್ದಾನದ ಫಲವನ್ನು ಹೊಂದದೆಯೇ ಉಳಿದರು ಎಂದು ಮರೆಮಾಚದೆ ಹೇಳಿ ಮುಗಿಯುತ್ತದೆ.

ನನ್ನ ನಂಬಿಕೆ ಸಾಲದೆಂಬ ಕಾರಣಕ್ಕೆ ಪ್ರಾರ್ಥನೆ ಫಲಿಸುತ್ತಿಲ್ಲವೇ?

ಸಂಕಟದಲ್ಲಿರುವವರಿಗೆ ಹೀಗೆಂದು ಹೇಳುವವರು, ಒಳ್ಳೆಯ ಉದ್ದೇಶದಿಂದಲೇ ಹೇಳಿದರೂ, ರೋಗಿಯ ಮೇಲೆ ರೋಗದ ಜೊತೆಗೆ ಅಪರಾಧಭಾವವನ್ನೂ ಹೊರಿಸುತ್ತಾರೆ. ಮಾರ್ಕನ 9ನೇ ಅಧ್ಯಾಯದಲ್ಲಿ ಅಸ್ವಸ್ಥ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಒಪ್ಪಿಕೊಂಡನು. ಅವನ ನಂಬಿಕೆ ಬಲಿಯುವ ತನಕ ಯೇಸು ಕಾಯಲಿಲ್ಲ, ಹುಡುಗ ಗುಣವಾದನು. ಸಾಸಿವೆ ಕಾಳಿನಷ್ಟು ನಂಬಿಕೆಯ ಮಾತೂ ಇದನ್ನೇ ಸೂಚಿಸುತ್ತದೆ: ಮುಖ್ಯವಾದದ್ದು ನಂಬಿಕೆಯ ಗಾತ್ರವಲ್ಲ, ಅದು ಯಾರ ಮೇಲೆ ನಿಂತಿದೆ ಎಂಬುದು.

ಸ್ವಾರ್ಥಕ್ಕಾಗಿ ಕೇಳುವ ಬೇಡಿಕೆಗಳೂ ಇರುತ್ತವೆಂದು ಯಾಕೋಬನ ಪತ್ರ ಎಚ್ಚರಿಸುವುದು ನಿಜ. ಆದರೆ ಆ ಮಾತು ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಲು ಇರುವುದೇ ಹೊರತು ಪಕ್ಕದವರ ಹಾಸಿಗೆಯ ಬಳಿ ನಿಂತು ಓದಲಿಕ್ಕಲ್ಲ.

ನಮ್ಮ ಕಷ್ಟಗಳು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೇ?

ಹುಟ್ಟುಕುರುಡನನ್ನು ಕಂಡು ಪಾಪಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದ ಶಿಷ್ಯರಿಗೆ ಯೇಸು ಇಬ್ಬರೂ ಅಲ್ಲ ಎಂದರು. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದೂ ಹೇಳಿದರು. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನೊಂದಿಗೆ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನ ಗುಪ್ತ ಪಾಪವನ್ನು ಹುಡುಕಲು ತೊಡಗಿದ ಮೇಲೆ, ದೇವರ ಪರವಾಗಿ ವಾದಿಸುತ್ತಿದ್ದೇವೆಂದು ತಿಳಿದಿದ್ದ ಅವರ ಮೇಲೆಯೇ ಕೊನೆಗೆ ದೇವರ ಕೋಪ ಬಂತು.

ದೇವರ ಮೇಲೆ ದೂರು ಹೇಳುವುದು ನಂಬಿಕೆಗೆ ವಿರುದ್ಧವೇ?

ಇಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ ಆಗಿವೆ. 13ನೇ ಕೀರ್ತನೆ ಮೊದಲ ಎರಡು ವಚನಗಳಲ್ಲಿ ನಾಲ್ಕು ಸಾರಿ 'ಎಷ್ಟರವರೆಗೆ' ಎಂದು ಕೇಳುತ್ತದೆ. ಅದಾದರೂ ಸ್ತುತಿಯಲ್ಲಿ ಕೊನೆಗೊಳ್ಳುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ನಿಂತುಬಿಡುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲದೆ. ಅದನ್ನು ಪವಿತ್ರ ಗ್ರಂಥದಿಂದ ಕೈಬಿಡಬೇಕೆಂದು ಯಾರಿಗೂ ಅನಿಸಲಿಲ್ಲ, ಏಕೆಂದರೆ ಆ ಕತ್ತಲೆಯಲ್ಲೂ ಕೀರ್ತನೆಗಾರನು ಮಾತಾಡುತ್ತಿರುವುದು ದೇವರೊಡನೆಯೇ.

ಲಾಜರನು ಅಸ್ವಸ್ಥನಾಗಿದ್ದಾನೆಂಬ ಸುದ್ದಿ ಕೇಳಿಯೂ ಯೇಸು ಎರಡು ದಿನ ತಾವಿದ್ದಲ್ಲೇ ಉಳಿದರು. ಬೇಥಾನ್ಯಕ್ಕೆ ಬಂದಾಗ ಅವನನ್ನು ಸಮಾಧಿಮಾಡಿ ನಾಲ್ಕು ದಿನವಾಗಿತ್ತು. ನೀನು ಇಲ್ಲಿರುತ್ತಿದ್ದರೆ ನನ್ನ ತಮ್ಮನು ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ಒಬ್ಬರಾದ ಮೇಲೊಬ್ಬರು ಅದೇ ಮಾತನ್ನು ಅವರ ಮುಖಕ್ಕೇ ಹೇಳುತ್ತಾರೆ. ಯೇಸು ಗದರಿಸಲಿಲ್ಲ. ಕಣ್ಣೀರಿಟ್ಟರು.

ತಾಳ್ಮೆಯಿಂದ ಕಾಯುವುದೆಂದರೆ ಸುಮ್ಮನೆ ಕುಳಿತಿರುವುದೇ?

ಅಬ್ರಹಾಮನು ಕರೆಯನ್ನು ಕೇಳಿ ಹೊರಟಾಗ 75 ವರ್ಷದವನು. ದೇವರು ವಾಗ್ದಾನ ಮಾಡಿದ್ದ ಮಗ ಇಸಾಕನು ಹುಟ್ಟಿದಾಗ ಅವನಿಗೆ 100 ವರ್ಷ. ನಡುವಿನ ಕಾಲವನ್ನು ಅವನು ನಿಶ್ಚಲವಾದ ಭರವಸೆಯಿಂದ ಕಳೆದನೆಂದು ಆದಿಕಾಂಡ ಹೇಳುವುದಿಲ್ಲ. ಅವನು ಕುರಿದನಗಳನ್ನು ನಡೆಸಿದನು, ಸಹೋದರನ ಮಗನಾದ ಲೋಟನಿಗಾಗಿ ಯುದ್ಧ ಮಾಡಿದನು, ಸೊದೋಮಿಗಾಗಿ ದೇವರೊಡನೆ ವಾದಿಸಿದನು, ವಾಗ್ದಾನವನ್ನು ಕೇಳಿ ನಕ್ಕನು. ಹೆಂಡತಿ ಸಾರಳ ಸಲಹೆಯಂತೆ ದಾಸಿಯಾದ ಹಾಗರಳ ಮೂಲಕ ಮಗನನ್ನು ಪಡೆಯಲು ಹೋಗಿ ಆ ಹೆಂಗಸಿಗೂ ಮಗುವಿಗೂ ಬಹಳ ನೋವು ತಂದನು. ತಾಳ್ಮೆಯ ಮಾದರಿಯೆನಿಸಿದವನ ದಾಖಲೆಯೇ ಹೀಗಿದೆ. ಹಾಗರಳನ್ನೂ ದೇವರು ಅರಣ್ಯದಲ್ಲಿ ಹುಡುಕಿ ಮಾತಾಡಿಸಿದನೆಂಬುದು ಆ ಕಥೆಯ ಕಡೆಗಣಿಸಲ್ಪಟ್ಟ ಕರುಣೆ.

ಯೋಸೇಫನ ಕಥೆ ಇನ್ನೊಂದು ಬಗೆಯದು. 17ರ ಪ್ರಾಯದ ಹುಡುಗನಾಗಿ ಅಣ್ಣಂದಿರಿಂದ ಮಾರಲ್ಪಟ್ಟವನು ಫರೋಹನ ಮುಂದೆ ನಿಂತಾಗ 30 ವರ್ಷದವನಾಗಿದ್ದನು. ಅದರಲ್ಲಿ ಕೊನೆಯ ಎರಡು ವರ್ಷ ಸೆರೆಮನೆಯಲ್ಲಿ ಉಳಿದದ್ದು, ಅವನಿಂದ ಉಪಕಾರ ಪಡೆದ ಪಾನದಾಯಕನು ಮರೆತುಬಿಟ್ಟ ಕಾರಣಕ್ಕೆ. ಸೆರೆಯಲ್ಲಿದ್ದ ಕಾಲದಲ್ಲಿ ಅವನು ಸೆರೆಮನೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದನು, ಜೊತೆಯ ಕೈದಿಗಳ ಮುಖ ಏಕೆ ಬಾಡಿದೆಯೆಂದು ವಿಚಾರಿಸುತ್ತಿದ್ದನು. ಕಾಯುವಿಕೆ ಅಂದಂದಿನ ಕರ್ತವ್ಯದಲ್ಲೇ ನಡೆಯುತ್ತದೆ. ಅದಕ್ಕೆ ಪ್ರತ್ಯೇಕವಾದ ಸ್ಥಳವಿಲ್ಲ.

ತಾಳ್ಮೆಯ ಹೆಸರಿನಲ್ಲಿ ಹಿಂಸೆಯನ್ನು ಸಹಿಸಿಕೊಳ್ಳಬೇಕೇ?

ಬೇಕಿಲ್ಲ. ಮನೆಯಲ್ಲಿ ಹೊಡೆತ ತಿನ್ನುವವರಿಗೆ, ದೌರ್ಜನ್ಯಕ್ಕೆ ಒಳಗಾದವರಿಗೆ ಸಹಿಸಿಕೊಂಡು ಪ್ರಾರ್ಥಿಸು ಎಂದಷ್ಟೇ ಹೇಳಿ ಕಳುಹಿಸುವುದು ಗಂಭೀರವಾದ ಅನ್ಯಾಯ. ಅರಸ ಸೌಲನು ಈಟಿ ಎಸೆದಾಗ ದಾವೀದನು ತಪ್ಪಿಸಿಕೊಂಡು ಓಡಿದನು. ದಮಸ್ಕದಲ್ಲಿ ಕೊಲ್ಲಲು ಹೊಂಚುಹಾಕಿದಾಗ ಶಿಷ್ಯರು ಪೌಲನನ್ನು ಹೆಡಿಗೆಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಅವರಿಗೆ ನಂಬಿಕೆ ಕಡಿಮೆಯಿತ್ತೆಂದು ಯಾರೂ ಹೇಳುವುದಿಲ್ಲ. ಸುರಕ್ಷಿತ ಸ್ಥಳಕ್ಕೆ ಹೋಗುವುದು, ಕಾನೂನಿನ ಸಹಾಯ ಕೇಳುವುದು ಕ್ಷಮೆಗೂ ಅಡ್ಡಿಯಾಗುವುದಿಲ್ಲ. ಕ್ಷಮಿಸುವುದೆಂದರೆ ಮತ್ತೆ ಅದೇ ಕೈಗೆ ತಲೆಕೊಡುವುದಲ್ಲ.

ವೈದ್ಯರ ಬಳಿಗೆ ಹೋದರೆ ದೇವರಲ್ಲಿ ನಂಬಿಕೆಯಿಲ್ಲವೆಂದಾಗುತ್ತದೆಯೇ?

ಆಗುವುದಿಲ್ಲ. ಸಾಯುವಷ್ಟು ಅಸ್ವಸ್ಥನಾಗಿದ್ದ ಅರಸ ಹಿಜ್ಕೀಯನು ಪ್ರಾರ್ಥಿಸಿದಾಗ ದೇವರು ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸಿದನು. ಜೊತೆಗೆ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಹಣ್ಣಿನ ಲೇಪವನ್ನೂ ಹಾಕಿಸಿದನು. ಮನಸ್ಸಿನ ಕಾಯಿಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರಾರ್ಥಿಸಲು ಮನಸ್ಸೇ ಬಾರದಿದ್ದಾಗ ಏನು ಮಾಡಬೇಕು?

ಕರ್ಮೇಲ್ ಬೆಟ್ಟದ ಮೇಲೆ ದೊಡ್ಡ ಜಯವನ್ನು ಕಂಡ ಪ್ರವಾದಿ ಎಲೀಯನು ಅದರ ಬೆನ್ನಿಗೇ ಮರುಭೂಮಿಯಲ್ಲಿ ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣ್ಣಿಸಿದನು. ಬಳಲಿದವರಿಗೆ ಮೊದಲು ಊಟ, ನಿದ್ದೆ ಮತ್ತು ಒಬ್ಬರ ಜೊತೆ ಬೇಕಾಗಬಹುದು. ಸಾವಿನ ಯೋಚನೆಗಳು ಕಾಡುತ್ತಿದ್ದರೆ ಅದನ್ನು ಪ್ರಾರ್ಥನೆಯಲ್ಲಿ ಮಾತ್ರವಲ್ಲ, ನಂಬಿಕಸ್ಥರ ಬಳಿಯೂ ವೈದ್ಯರ ಬಳಿಯೂ ತಡಮಾಡದೆ ಹೇಳಬೇಕು.

ಸ್ವಂತ ಮಾತು ಹೊರಡದಿದ್ದಾಗ ಇತರರ ಮಾತನ್ನು ಬಳಸುವುದರಲ್ಲಿ ಕೀಳರಿಮೆ ಬೇಡ. ಕೀರ್ತನೆಗಳು ಇರುವುದೇ ಅದಕ್ಕೆ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಪೌಲನು ಬರೆದಿದ್ದಾನೆ. ಅದೂ ಆಗದಿದ್ದರೆ ಬೇರೆಯವರು ನಮಗಾಗಿ ನಂಬಲಿ. ಕಪೆರ್ನೌಮಿನಲ್ಲಿ ನಾಲ್ವರು ಚಾವಣಿಯನ್ನು ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸಿದಾಗ ಯೇಸು ಕಂಡದ್ದು 'ಅವರ' ನಂಬಿಕೆಯನ್ನು. ಹಾಸಿಗೆಯ ಮೇಲಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಮಾರ್ಕನು ಬರೆಯುವುದಿಲ್ಲ.

ಪಾಪನಿವೇದನೆಯನ್ನು ಗುರುಗಳ ಮುಂದೆಯೇ ಮಾಡಬೇಕೇ?

ಇದರಲ್ಲಿ ಸಭೆಗಳ ಪದ್ಧತಿ ಬೇರೆ ಬೇರೆ. ಕಥೋಲಿಕ ಮತ್ತು ಆರ್ಥಡಾಕ್ಸ್ ಸಭೆಗಳಲ್ಲಿ ಗುರುಗಳ ಮುಂದೆ ಮಾಡುವ ಪಾಪನಿವೇದನೆ ಒಂದು ಸಂಸ್ಕಾರ. ಬಹುತೇಕ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ವಿಶ್ವಾಸಿಯು ನೇರವಾಗಿ ದೇವರಿಗೆ ಅರಿಕೆ ಮಾಡುತ್ತಾನೆ, ಆರಾಧನೆಯಲ್ಲಿ ಸಭೆಯೂ ಒಟ್ಟಾಗಿ ಅರಿಕೆ ಮಾಡುವುದುಂಟು. ಒಬ್ಬರಿಗೊಬ್ಬರು ಪಾಪಗಳನ್ನು ಹೇಳಿಕೊಂಡು ಪ್ರಾರ್ಥಿಸಿರೆಂಬ ಯಾಕೋಬನ ಪತ್ರದ ಮಾತನ್ನು ಎಲ್ಲ ಸಭೆಗಳೂ ಓದುತ್ತವೆ. ನಿಮ್ಮ ಸಭೆಯ ಕ್ರಮವನ್ನು ಅನುಸರಿಸಿರಿ.

ಪ್ರಾರ್ಥನೆಯ ಅಭ್ಯಾಸವನ್ನು ಹೊಸದಾಗಿ ಆರಂಭಿಸುವುದು ಹೇಗೆ?

ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದನೆಂದು ಓದಿ ಅಷ್ಟನ್ನೇ ಗುರಿಯಾಗಿಟ್ಟುಕೊಂಡವರು ಬೇಗನೆ ಸೋಲುವುದುಂಟು. ನಿಶ್ಚಿತವಾದ ಒಂದು ಹೊತ್ತು, ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಮತ್ತು ಆ ದಿನ ನಿಜವಾಗಿ ಮನಸ್ಸಿನಲ್ಲಿರುವ ಒಂದು ವಿಷಯ ಇಷ್ಟು ಸಾಕು. ದುಃಖದಲ್ಲಿರುವವರು 13 ಅಥವಾ 42ನೇ ಕೀರ್ತನೆಯನ್ನೂ, ತಪ್ಪಿನ ಭಾರ ಹೊತ್ತವರು 51ನೆಯದನ್ನೂ, ನಿದ್ದೆಗೆ ಮುನ್ನ 4 ಅಥವಾ 121ನೆಯದನ್ನೂ ತೆಗೆದುಕೊಳ್ಳಬಹುದು. ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಯನ್ನು ತನ್ನ 26 ವಚನಗಳಲ್ಲೂ ಹೇಳುವ 136ನೇ ಕೀರ್ತನೆಯನ್ನು ಇಬ್ಬರು ಕೂಡಿ ಓದುವುದು ಒಳ್ಳೆಯದು: ಒಬ್ಬರು ವಚನವನ್ನು ಓದಿದರೆ ಇನ್ನೊಬ್ಬರು ಪಲ್ಲವಿಯನ್ನು ಹೇಳಲಿ. ಕೆಲವು ದಿನ ತಪ್ಪಿಹೋದರೆ ಬಾಕಿ ತೀರಿಸಲು ಹೋಗದೆ ಅಂದಿನ ಕೀರ್ತನೆಯಿಂದಲೇ ಮುಂದುವರಿಯಬಹುದು.